ಮನೆ ನಂಬರಿಲ್ಲದ ಖೋಲಿ: ಸುಲ್ತಾನ್ ಬಜಾರಿನ ಮಾಳಿಗೆಗಳ ಚರಿತ್ರೆ

2011ರಲ್ಲಿ ಬಿ.ಎಡ್. ಮಾಡಲು ಗುಲ್ಬರ್ಗದಿಂದ (ಆಗ ನಾವೆಲ್ಲ ಹಾಗೇ ಅನ್ನುತ್ತಿದ್ದೆವು) ಹೈದರಾಬಾದಿಗೆ ಹೋದೆ. ಕಾಲೇಜಿನ ಅರ್ಜಿಯಲ್ಲಿ ನಾನು ಬರೆದ ವಿಳಾಸ ನಾನಿದ್ದ ಮನೆಯದಲ್ಲ, ಮಲಕ್‌ಪೇಟೆಯ ದೂರದ ಸಂಬಂಧಿಕರದು. ನಾನಿದ್ದದ್ದು ಸುಲ್ತಾನ್ ಬಜಾರಿನ ಸೀರೆ ಅಂಗಡಿಗಳ ಹಿಂದಿನ ಒಂದು ಓಣಿಯಲ್ಲಿ, ಎರಡನೇ ಮಾಳಿಗೆಯ ಮೇಲಿನ ಖೋಲಿಯಲ್ಲಿ. ಸಿಮೆಂಟ್ ಶೀಟಿನ ಸೂರು, ಗೋಡೆಗೆ ಒಂದು ಅಡುಗೆಕಟ್ಟೆ, ಹೊರಗಿನಿಂದಲೇ ಹತ್ತುವ ಕಬ್ಬಿಣದ ಮೆಟ್ಟಿಲು. ಪಕ್ಕದ ಖೋಲಿಯಲ್ಲಿ ಮನೆಯೊಡತಿ. ಅವರನ್ನು ಖಾಲಾ ಅಂತಲೇ ಕರೆಯುತ್ತಿದ್ದೆ. ಮೊದಲ ದಿನ ಬಾಡಿಗೆ ಚೀಟಿ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: 'ಕಾಗದ್ ನಕ್ಕೋ ಮಾಂಗೋ ಬೇಟಾ.' ಕಾಗದ ಮಾತ್ರ ಕೇಳಬೇಡಮ್ಮ. ಯಾಕಂದ್ರೆ ಆ ಖೋಲಿಯೇ ಕಾಗದದಲ್ಲಿ ಇರಲಿಲ್ಲ.

ಬ್ಯಾಂಕಿನಲ್ಲಿ ಖಾತೆ ತೆರೆಯಲು ಹೋದೆ, ವಿಳಾಸದ ಪುರಾವೆ ಕೇಳಿದರು. ಗ್ಯಾಸ್ ಸಿಲಿಂಡರಿಗೂ ಅದೇ ಕತೆ. ಇವೆಲ್ಲ ಹೇಗೋ ನಡೆದುಹೋಗುವ ಸಂಗತಿಗಳು. ನಡೆದುಹೋಗದ ಒಂದು ಸಂಗತಿ ಇತ್ತು. ನಮ್ಮ ಓಣಿಯಿಂದ ಕಾಲ್ನಡಿಗೆಯ ದೂರದಲ್ಲಿ ಕೋಠಿಯ ಗೋಕುಲ್ ಚಾಟ್ ಅಂಗಡಿ. 2007ರ ಆಗಸ್ಟ್ 25ರಂದು ಅಲ್ಲಿ ಮತ್ತು ಲುಂಬಿನಿ ಪಾರ್ಕಿನಲ್ಲಿ ಬಾಂಬ್ ಸಿಡಿದು 40ಕ್ಕೂ ಹೆಚ್ಚು ಜನ ಸತ್ತಿದ್ದರು. ನಾನು ಹೋಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು, ಆದರೆ ಬಾಡಿಗೆದಾರರ ವಿವರ ಠಾಣೆಗೆ ಕೊಡಬೇಕೆಂಬ ಮಾತು ಓಣಿಯಲ್ಲಿ ಆಗಾಗ ಏಳುತ್ತಿತ್ತು. ಹೊರರಾಜ್ಯದಿಂದ ಬಂದ, ಮುಸ್ಲಿಂ ಹೆಸರಿನ, ಇರುವ ಜಾಗ ಹೇಳಿದರೆ 'ಅಂಥ ಜಾಗವೇ ಇಲ್ಲ' ಅನ್ನಿಸಿಕೊಳ್ಳಬಹುದಾದ ಬಾಡಿಗೆದಾರಳು ನಾನು. ಖಾಲಾಗೆ ನನ್ನ ಭಯವಲ್ಲ, ತನ್ನ ಭಯ: ವಿವರ ಕೊಟ್ಟರೆ ಖೋಲಿ ಬಯಲಾಗುತ್ತದೆ, ಕೊಡದಿದ್ದರೆ ಹುಡುಗಿಗೆ ಆಪತ್ತು. ಕೊನೆಗೆ ನಾನು ಅವರ ತಂಗಿಯ ಮಗಳು ಅಂತ ಓಣಿಗೆಲ್ಲ ಹೇಳಿದರು. ಹನ್ನೊಂದು ತಿಂಗಳು ನಾನು ಹಾಗೆಯೇ ಇದ್ದೆ, ಬಾಡಿಗೆ ಕೊಡುವ ತಂಗಿಯ ಮಗಳಾಗಿ.

ಈಗ ಕಲಬುರಗಿಯಲ್ಲಿ ಪಾಠ ಹೇಳುತ್ತ, ಅದೇ ಸುಲ್ತಾನ್ ಬಜಾರಿನ ಹಳೆಯ ಕತೆ ಓದುತ್ತ ಹೋದ ಹಾಗೆ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿದೆ. ಒಂದು ಮನೆಯ ಹಿತ್ತಲಲ್ಲೋ ಮಾಳಿಗೆಯ ಮೇಲೋ ಇನ್ನೊಂದು ಸಣ್ಣ ಮನೆ ಹುಟ್ಟುವುದು ಈ ಊರಿಗೆ ಹೊಸತಲ್ಲ. ಹಾಗಾದರೆ ಅದು ಅಪರಾಧ ಆದದ್ದು ಯಾವಾಗ, ಮತ್ತು ಅದರ ಬೆಲೆ ತೆತ್ತವರು ಯಾರು?

ಹಳೆಯದರಿಂದಲೇ ಶುರುಮಾಡೋಣ. ಸುಲ್ತಾನ್ ಬಜಾರಿಗೆ ಎದುರಾಗಿ, ಇಂದು ಮಹಿಳಾ ವಿಶ್ವವಿದ್ಯಾಲಯ ಇರುವ ಬಿಳಿ ಕಂಬಗಳ ಕಟ್ಟಡವನ್ನು ನೀವು ಚಿತ್ರದಲ್ಲಾದರೂ ನೋಡಿರುತ್ತೀರಿ. ಅದು ಬ್ರಿಟಿಷ್ ರೆಸಿಡೆನ್ಸಿ. 19ನೇ ಶತಮಾನದ ಮೊದಲ ವರ್ಷಗಳಲ್ಲಿ ರೆಸಿಡೆಂಟ್ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ್ದು. ಅವನು ಹೈದರಾಬಾದಿನ ದೊಡ್ಡ ಮನೆತನದ ಖೈರುನ್ನಿಸಾಳನ್ನು ಮದುವೆಯಾಗಿದ್ದ. ಪರದೆಯಲ್ಲಿರುವ ಹೆಂಡತಿಗಾಗಿ ಅದೇ ಆವರಣದೊಳಗೆ, ಇಲ್ಲಿನ ಪದ್ಧತಿಯಂತೆ, ರಂಗ್‌ಮಹಲ್ ಎಂಬ ಬೇರೆ ಮನೆ ಕಟ್ಟಿಸಿದ. ಒಂದೇ ಜಾಗ, ಎರಡು ಮನೆ. ದೊಡ್ಡದು ಸರ್ಕಾರದ ದರ್ಬಾರಿಗೆ, ಚಿಕ್ಕದು ಸಂಸಾರಕ್ಕೆ. 1805ರಲ್ಲಿ ಕರ್ಕ್‌ಪ್ಯಾಟ್ರಿಕ್ ಕಲ್ಕತ್ತೆಯಲ್ಲಿ ತೀರಿಕೊಂಡ, 1813ರಲ್ಲಿ ಖೈರುನ್ನಿಸಾ. ರಂಗ್‌ಮಹಲ್ ಮಾತ್ರ ಇನ್ನೂ ಕೆಲವು ದಶಕ ನಿಂತಿತ್ತು. 1860ರಲ್ಲಿ ಆಗಿನ ರೆಸಿಡೆಂಟ್ ಅದನ್ನು ಕೆಡವಿಸಿದ. ಬ್ರಿಟಿಷ್ ಅಧಿಕಾರಿಯೊಬ್ಬ ಮುಸ್ಲಿಂ ಹೆಂಡತಿಯೊಂದಿಗೆ ಬಾಳಿದ್ದನ್ನು ನೆನಪಿಸುವ ಆ ಮನೆ 1857ರ ನಂತರದ ಸಾಹೇಬರಿಗೆ ಮುಜುಗರವಾಗಿತ್ತು. ಕಂಬಗಳ ಕಟ್ಟಡ ಉಳಿಯಿತು, ಹೆಣ್ಣುಮಗಳ ಮನೆ ಹೋಯಿತು.

1857ರ ಹೆಸರು ಬಂದಿತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜುಲೈ 17ರ ಸಂಜೆ ತುರ್ರೇಬಾಜ್ ಖಾನ್ ಮತ್ತು ಮೌಲ್ವಿ ಅಲ್ಲಾವುದ್ದೀನ್ ಮುಂದಾಳ್ತನದಲ್ಲಿ ರೋಹಿಲ್ಲರು ರೆಸಿಡೆನ್ಸಿಯ ಮೇಲೆ ಬಿದ್ದರು. ಅವರು ಗುಂಡು ಹಾರಿಸಿದ್ದು ಬಯಲಿನಿಂದಲ್ಲ, ಗೋಡೆಯ ಆಚೆ ಇದ್ದ ಅಬ್ಬನ್ ಸಾಹೇಬ್ ಮತ್ತು ಜಯಗೋಪಾಲ್ ದಾಸ್ ಎಂಬ ಸಾಹುಕಾರರ ಮನೆಗಳೊಳಗಿನಿಂದ. ದಾಳಿ ಸೋತಿತು. ಅಲ್ಲಾವುದ್ದೀನ್ ಅಂಡಮಾನಿಗೆ ಹೋದರು, ತುರ್ರೇಬಾಜ್ ಖಾನ್ 1859ರಲ್ಲಿ ಹತರಾದರು. ಆಮೇಲೆ ರೆಸಿಡೆನ್ಸಿಯ ಗೋಡೆ ಗಟ್ಟಿಯಾಯಿತು, ಬುರುಜುಗಳು ಎದ್ದವು. ಒತ್ತೊತ್ತಾದ ಮನೆ, ಎತ್ತರದ ಮಾಳಿಗೆ, ಒಳಗೆ ಯಾರಿದ್ದಾರೋ ಗೊತ್ತಾಗದ ಖೋಲಿ, ಇವನ್ನು ಆಳುವವರು ಅನುಮಾನದಿಂದ ನೋಡಿದ್ದು ಗೋಕುಲ್ ಚಾಟಿನ ನಂತರವೇ ಅಲ್ಲ ಅಂತ ನನಗೆ ಇದನ್ನು ಓದಿದಾಗ ಅನ್ನಿಸಿತು.

ಆದರೂ ರೆಸಿಡೆನ್ಸಿಯ ಸುತ್ತಲಿನ ಪೇಟೆ ಒತ್ತಾಗುತ್ತಲೇ ಹೋಯಿತು. ಅದಕ್ಕೆ ಕಾರಣ ಇತ್ತು. ರೆಸಿಡೆನ್ಸಿ ಬಜಾರ್ ಅನ್ನಿಸಿಕೊಂಡ ಆ ಪ್ರದೇಶ ಹೈದರಾಬಾದಿನೊಳಗೇ ಇದ್ದರೂ ಅಲ್ಲಿ ನಿಜಾಮರ ಕೊತ್ವಾಲರ ಮಾತು ನಡೆಯುತ್ತಿರಲಿಲ್ಲ, ರೆಸಿಡೆಂಟರ ಆಡಳಿತ ನಡೆಯುತ್ತಿತ್ತು. ಹಣದ ವ್ಯವಹಾರದವರು, ವಕೀಲರು, ಸಭೆ-ಸಂಘ ಕಟ್ಟುವವರು ಆ ಗೆರೆಯೊಳಗೆ ಜಾಗ ಹುಡುಕಿದರು. 1892ರಲ್ಲಿ ಆರ್ಯ ಸಮಾಜ ಇಲ್ಲಿ ಶುರುವಾಯಿತು. 1901ರಲ್ಲಿ ತೆಲುಗರ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ ಹುಟ್ಟಿತು. ಮೊದಲು ಅದು ಇದ್ದದ್ದು ರಾವಿಚೆಟ್ಟು ರಂಗರಾವ್ ಅವರ ಮನೆಯಲ್ಲಿ. ಒಂದು ಭಾಷೆಯ ಗ್ರಂಥಾಲಯ ಯಾರದೋ ಮನೆಯ ಭಾಗದಲ್ಲಿ ಶುರುವಾಗಬಹುದಿತ್ತು, ಯಾರೂ ನಕ್ಷೆ ಕೇಳುತ್ತಿರಲಿಲ್ಲ. 1933ರಲ್ಲಿ ಈ ಬಜಾರನ್ನು ಬ್ರಿಟಿಷರು ನಿಜಾಮರಿಗೆ ಹಿಂದಿರುಗಿಸಿದ ಮೇಲೆ ಹೆಸರು ಸುಲ್ತಾನ್ ಬಜಾರ್ ಆಯಿತು.

ಇದರಲ್ಲಿ ನಮ್ಮ ಕಡೆಯವರ ಪಾಲೂ ಇದೆ. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಗುಲ್ಬರ್ಗ, ರಾಯಚೂರು, ಬೀದರ್ ಮೂರೂ ನಿಜಾಮರ ರಾಜ್ಯದೊಳಗೆ. 1956ರ ನವೆಂಬರ್ 1ರವರೆಗೂ ನಮ್ಮ ರಾಜಧಾನಿ ಬೆಂಗಳೂರಲ್ಲ, ಹೈದರಾಬಾದು. ಡಿಗ್ರಿ, ಕೋರ್ಟು, ಕಚೇರಿ ಎಲ್ಲದಕ್ಕೂ ಅಲ್ಲಿಗೇ ಹೋಗಬೇಕು. ಹೋದ ಹುಡುಗ ಎಲ್ಲಿರುತ್ತಾನೆ? ನಮ್ಮ ದಾದಾ (ತಂದೆಯ ತಂದೆ) 1940ರ ದಶಕದಲ್ಲಿ ಕಾಚಿಗುಡದ ಹತ್ತಿರ ಯಾರದೋ ದೇವಡಿಯ ಹಿಂದಿನ, ಮೊದಲು ಕುದುರೆ ಕಟ್ಟುತ್ತಿದ್ದ ಖೋಲಿಯಲ್ಲಿ ಇನ್ನಿಬ್ಬರ ಜೊತೆ ಇದ್ದರಂತೆ. ಆ ಇಬ್ಬರಲ್ಲಿ ಒಬ್ಬರು ಲಿಂಗಾಯತರು, ಸೇಡಂ ಕಡೆಯವರು. ಅಡುಗೆಗೆ ಎರಡು ಒಲೆ, ಓದಲಿಕ್ಕೆ ಒಂದೇ ಕಂದೀಲು. ದಾದಾ ಇದನ್ನು ಬಡತನದ ಕತೆಯಾಗಿ ಹೇಳುತ್ತಿರಲಿಲ್ಲ, ಮೋಜಿನ ಕತೆಯಾಗಿ ಹೇಳುತ್ತಿದ್ದರು.

ಸರಿ, ಅಪರಾಧದ ಮಾತಿಗೆ ಬರೋಣ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಸುಮಾರು 15,000 ಜನ ಸತ್ತರು. 1911ರಲ್ಲಿ ಪ್ಲೇಗು. ಮರುವರ್ಷ, 1912ರಲ್ಲಿ, ಸಿಟಿ ಇಂಪ್ರೂವ್‌ಮೆಂಟ್ ಬೋರ್ಡ್ ಸ್ಥಾಪನೆಯಾಯಿತು. ಅದರ ಕೆಲಸವನ್ನು ನಾನು ಕೀಳಾಗಿ ಕಾಣುವುದಿಲ್ಲ. ನಾಂಪಲ್ಲಿಯಂಥ ಕಡೆ ಕತ್ತಲು ಗೂಡುಗಳನ್ನು ತೆಗೆದು ಗಾಳಿ ಬೆಳಕಿನ ಮನೆ ಕಟ್ಟಿ ಕಡಿಮೆ ಬಾಡಿಗೆಗೆ ಕೊಟ್ಟಿತು, ಪತ್ಥರ್‌ಗಟ್ಟಿಯ ಸಾಲು ಕಟ್ಟಿತು. ಸುಲ್ತಾನ್ ಬಜಾರಿನ ಪಕ್ಕದ ಮುಅಜ್ಜಂ ಜಾಹಿ ಮಾರ್ಕೆಟ್ ಎದ್ದದ್ದೂ ಅದೇ ಕಾಲದಲ್ಲಿ, 1935ರಲ್ಲಿ. ಆದರೆ ಪ್ಲೇಗಿನ ಜೊತೆ ಒಂದು ನೋಟವೂ ಬಂತು: ಹಿತ್ತಲಿನ ಖೋಲಿ ಎಂದರೆ ರೋಗ. ಇಲಿ ಇರುವ ಖೋಲಿಗೂ ವಿಧವೆ ಇರುವ ಖೋಲಿಗೂ ಆ ನೋಟದಲ್ಲಿ ವ್ಯತ್ಯಾಸ ಇರಲಿಲ್ಲ. ಬೋರ್ಡಿಗೆ ಒಂದು ಒಳ್ಳೆಯ ಗುಣ ಇತ್ತು, ಕೆಡವಿದ ಕಡೆ ತಾನೇ ಕಟ್ಟುತ್ತಿತ್ತು. ಆಮೇಲಿನ ಕಾಯ್ದೆಗಳು ಬೋರ್ಡಿನ ಆ ನೋಟವನ್ನು ಉಳಿಸಿಕೊಂಡವು, ಕಟ್ಟುವ ಕೆಲಸವನ್ನು ಅಷ್ಟಾಗಿ ಅಲ್ಲ.

1955ರ ಹೈದರಾಬಾದ್ ಮುನಿಸಿಪಲ್ ಕಾರ್ಪೊರೇಶನ್ ಕಾಯ್ದೆಯ 452ನೇ ಕಲಂ ಅನುಮತಿಯಿಲ್ಲದ ಕಟ್ಟಡಕ್ಕೆ ನೋಟಿಸ್ ಕೊಡಲು, 636ನೇ ಕಲಂ ಕೆಡವಲು. ಹೈದರಾಬಾದಿನ ಮನೆಮಾಲೀಕರಿಗೆ ಈ ಎರಡು ಸಂಖ್ಯೆ ಬಾಯಿಪಾಠ. 1960ರ ಬಾಡಿಗೆ ನಿಯಂತ್ರಣ ಕಾಯ್ದೆ ಬಾಡಿಗೆದಾರರನ್ನು ಕಾಪಾಡಲು ಬಂತು, ಸುಮ್ಮನೆ ಹೊರಹಾಕುವಂತಿಲ್ಲ ಎಂದಿತು. ಒಳ್ಳೆಯದೇ. ಆದರೆ ಒಮ್ಮೆ ಚೀಟಿ ಬರೆದರೆ ಬಾಡಿಗೆದಾರ ಏಳುವುದಿಲ್ಲ ಎಂಬ ಹೆದರಿಕೆಯಿಂದ ಮಾಲೀಕರು ಚೀಟಿ ಬರೆಯುವುದನ್ನೇ ಬಿಟ್ಟರು. ಮೊದಲೇ ನಕ್ಷೆಯಲ್ಲಿಲ್ಲದ ಖೋಲಿಗಂತೂ ಚೀಟಿಯ ಮಾತೇ ಇಲ್ಲ. ಕಾನೂನು ಯಾರನ್ನು ಕಾಪಾಡಬೇಕಿತ್ತೋ ಅವರು ಅದರ ಬಾಗಿಲ ಹೊರಗೆ ಉಳಿದರು.

ಈಗ ಜಾರಿಯಲ್ಲಿರುವ ಕಟ್ಟಡ ನಿಯಮಗಳ ಬೇರು 2012ರ ಏಪ್ರಿಲ್ 7ರ ಸರ್ಕಾರಿ ಆದೇಶ, ಸಂಖ್ಯೆ 168. ಮನೆಯ ಸುತ್ತ ಇಷ್ಟು ಜಾಗ ಬಿಡಬೇಕು, ರಸ್ತೆ ಇಷ್ಟು ಅಗಲ ಇರಬೇಕು, ಕಿರಿದಾದ ರಸ್ತೆಯಾದರೆ ಅಗಲೀಕರಣಕ್ಕೆ ಸ್ವಂತ ಜಾಗದಿಂದ ಬಿಟ್ಟುಕೊಡಬೇಕು. ಮಾದಾಪುರದ ಹೊಸ ಬಡಾವಣೆಯಲ್ಲಿ ಇದು ಸಹಜ ಮಾತು. ಎದುರುಬದುರು ಮನೆಯವರು ಕೈ ಚಾಚಿ ಸಕ್ಕರೆ ಬಟ್ಟಲು ದಾಟಿಸುವ ಓಣಿಯಲ್ಲಿ ಬಿಡಲಿಕ್ಕೆ ಜಾಗ ಎಲ್ಲಿದೆ? ಹಾಗಾಗಿ ಅನುಮತಿ ಕೇಳುವುದೇ ಇಲ್ಲ. ರಾತ್ರಿ ಇಟ್ಟಿಗೆ ಏರುತ್ತದೆ, ಶುಕ್ರವಾರದೊಳಗೆ ಶೀಟು ಬೀಳುತ್ತದೆ.

ಸರ್ಕಾರಕ್ಕೆ ಇದು ಗೊತ್ತಿಲ್ಲವೆಂದಲ್ಲ. 2007ರ ಡಿಸೆಂಬರ್ 31ರಂದು ದಂಡ ಕಟ್ಟಿಸಿಕೊಂಡು ಬಿಟ್ಟುಬಿಡುವ ಯೋಜನೆ ತಂದಿತು. 1985ರಿಂದ 2007ರ ಡಿಸೆಂಬರ್ 15ರವರೆಗೆ ಕಟ್ಟಿದ್ದಕ್ಕೆ ಅನ್ವಯ. ತೆಲಂಗಾಣ ಆದ ಮೇಲೆ 2015ರಲ್ಲಿ ಮತ್ತೊಂದು, ಅದೇ 1985ರಿಂದ 2015ರ ಅಕ್ಟೋಬರ್ 28ರವರೆಗೆ. ನಮ್ಮ ಕರ್ನಾಟಕದವರು ನಗಬೇಡಿ. ನಮ್ಮಲ್ಲಿ 2007ರಲ್ಲಿ ಶುರುವಾದ ಅಕ್ರಮ-ಸಕ್ರಮ 2016ರ ಕೊನೆಗೆ ಹೈಕೋರ್ಟಿನಲ್ಲಿ ಗೆದ್ದು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆಗೆ ಸಿಕ್ಕಿಕೊಂಡಿತು. ಹೆಸರಿಡುವುದರಲ್ಲಿ ಮಾತ್ರ ಕನ್ನಡ ಪ್ರಾಮಾಣಿಕ. ತೆಲುಗು ಸೀಮೆಯಲ್ಲಿ ಅದಕ್ಕೆ ಇಂಗ್ಲಿಷಿನ ಮೂರು ಅಕ್ಷರ, ನಮ್ಮಲ್ಲಿ ನೇರವಾಗಿ 'ಅಕ್ರಮ-ಸಕ್ರಮ'.

ಈ ಯೋಜನೆಗಳ ಲಾಭ ಯಾರಿಗೆ ಸಿಕ್ಕಿತು ಎಂದು ಕೇಳಿ. ಅರ್ಜಿಗೆ ಮೊದಲು ಬೇಕಾದದ್ದು ಹಕ್ಕುಪತ್ರ. ಇಲ್ಲಿ ನಾನು ನಮ್ಮ ಮನೆಗಳ ಒಳಗಿನ ಮಾತನ್ನೇ ಎತ್ತಬೇಕು, ನೀವು ಬೇಸರ ಮಾಡಿಕೊಂಡರೂ ಸರಿ.

ಖಾಲಾ ಅವರದ್ದು ತಂದೆಯ ಮನೆ. ಸುಮಾರು 110 ಚದರ ಗಜ. ಗಂಡ ತೀರಿಕೊಂಡು ತವರಿಗೆ ಬಂದಾಗ ಅಣ್ಣಂದಿರು ಕೆಳಗಿನ ಎರಡು ಮಹಡಿ ಹಂಚಿಕೊಂಡಾಗಿತ್ತು. ಶರೀಅತ್ತಿನ ಪ್ರಕಾರ ಮಗಳಿಗೆ ಮಗನ ಅರ್ಧದಷ್ಟು ಪಾಲು. ಅದನ್ನು ಜಾಗದಲ್ಲಿ ಕೊಡುವ ಬದಲು 'ಮೇಲೆ ಕಟ್ಟಿಕೋ, ಅದು ನಿನ್ನದೇ' ಅಂದರು. ನಾಲ್ಕು ಜನ ಹಿರಿಯರ ಎದುರು ಬಾಯಿಮಾತಿನ ಹಿಬಾ. ಬಾಯಿಮಾತಿನ ದಾನಕ್ಕೆ ನಮ್ಮ ಕಾನೂನಿನಲ್ಲಿ ಬೆಲೆ ಇದೆ. ಬರೆದಿಟ್ಟರೂ ಅದನ್ನು ನೋಂದಣಿ ಮಾಡಿಸಲೇಬೇಕೆಂದಿಲ್ಲ ಎಂದು 2011ರ ಹಫೀಜಾ ಬೀಬಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ದಾನ ಕೊಟ್ಟದ್ದು ಏನನ್ನು? ನಕ್ಷೆಯಲ್ಲಿ ಇಲ್ಲದ, ತೆರಿಗೆ ಪುಸ್ತಕದಲ್ಲಿ ಇಲ್ಲದ, ನಾಳೆ 636ನೇ ಕಲಮಿಗೆ ಬೀಳಬಹುದಾದ ಗೋಡೆಗಳನ್ನು. ಖಾಲಾ ತಮ್ಮ ಬಂಗಾರ ಮಾರಿ ಎರಡು ಖೋಲಿ ಕಟ್ಟಿದರು, ಒಂದರಲ್ಲಿ ತಾವು, ಇನ್ನೊಂದರ ಬಾಡಿಗೆಯಲ್ಲಿ ಜೀವನ. ನಾನು ಕೊಡುತ್ತಿದ್ದ 1,800 ರೂಪಾಯಿ ಅವರ ಪಾಲಿಗೆ ಪಿಂಚಣಿ.

2015ರ ಯೋಜನೆ ಬಂದಾಗ ನಾನು ಫೋನ್ ಮಾಡಿ ಅರ್ಜಿ ಹಾಕಿ ಅಂದೆ. ಹಾಕಬೇಕಾದರೆ ಹಕ್ಕುಪತ್ರ ಇಟ್ಟುಕೊಂಡಿರುವ ಅಣ್ಣ ಸಹಿ ಮಾಡಬೇಕು. ಅಣ್ಣ ಅಂದದ್ದು: 'ಸಹಿ ಮಾಡಿದರೆ ಇಡೀ ಮನೆಯೇ ಅಕ್ರಮ ಅಂತ ನಾವೇ ಬರೆದುಕೊಟ್ಟ ಹಾಗೆ.' ಅದರಲ್ಲಿ ಹೆದರಿಕೆ ಎಷ್ಟು, ಅನುಕೂಲ ಎಷ್ಟು ಅಂತ ತೂಗಲು ನಾನು ಹೋಗುವುದಿಲ್ಲ. ಆದರೆ ಇಂಥದು ಆ ಒಂದೇ ಮನೆಯಲ್ಲಿ ಅಲ್ಲ. ಬೀದರಿನಲ್ಲಿ, ಕಲಬುರಗಿಯ ರೋಜಾ ಕಡೆಯ ಓಣಿಗಳಲ್ಲಿ ನನ್ನ ವಿದ್ಯಾರ್ಥಿಗಳ ತಾಯಂದಿರಿಂದ ಇದೇ ಮಾತು ಕೇಳಿದ್ದೇನೆ. ಅಕ್ಕನಿಗೆ, ತಂಗಿಗೆ, ತಲಾಕ್ ಆಗಿ ಬಂದವಳಿಗೆ ಸಿಗುವುದು ಮಾಳಿಗೆ. ಮುನಿಸಿಪಾಲಿಟಿ ಆ ಖೋಲಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಕಾರಣ ಅವಳ ಪಾಲೂ ಲೆಕ್ಕಕ್ಕಿಲ್ಲ. ಪಾಲು ಕೊಟ್ಟೆವು ಅಂತ ಗಂಡಸರು ಮಸೀದಿಯ ಮೊದಲ ಸಾಲಿನಲ್ಲಿ ನಿಂತು ನೆಮ್ಮದಿಯಾಗಿ ಹೇಳಬಹುದು, ಕೊಟ್ಟದ್ದನ್ನು ತೋರಿಸುವ ಕಾಗದ ಜಗತ್ತಿನಲ್ಲಿ ಎಲ್ಲೂ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರ ಅಂತ ತಿಳಿಯಬೇಡಿ. ಅಮೆರಿಕದ ಬರ್ಕ್ಲಿ ನಗರ 1916ರಲ್ಲೇ ಒಂದು ಜಾಗಕ್ಕೆ ಒಂದೇ ಕುಟುಂಬದ ಮನೆ ಎಂಬ ವಲಯ ಮಾಡಿತ್ತು. 1926ರಲ್ಲಿ ಓಹಾಯೊದ ಯೂಕ್ಲಿಡ್ ಎಂಬ ಊರಿನ ಮೊಕದ್ದಮೆಯಲ್ಲಿ ಅವರ ಸುಪ್ರೀಂ ಕೋರ್ಟು ಇಂಥ ನಿಯಮಗಳನ್ನು ಎತ್ತಿಹಿಡಿಯಿತು. ಸ್ವತಂತ್ರ ಮನೆಗಳ ನಡುವೆ ಬರುವ ಬಾಡಿಗೆ ವಸತಿ ಕಟ್ಟಡವನ್ನು ಪರಾವಲಂಬಿ ಜೀವಿಗೆ ಹೋಲಿಸಿದ್ದು ಆ ತೀರ್ಪೇ. ಅಜ್ಜಿಗಾಗಿ ಹಿತ್ತಲಲ್ಲಿ ಖೋಲಿ ಕಟ್ಟಲು, ಗ್ಯಾರೇಜನ್ನು ಮನೆ ಮಾಡಿ ಬಾಡಿಗೆಗೆ ಕೊಡಲು ಅಲ್ಲಿನ ಊರೂರಲ್ಲೂ ತಡೆ. ಲಾಸ್ ಏಂಜಲೀಸಿನಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ಎಷ್ಟೋ ಸಂಸಾರ ಕದ್ದುಮುಚ್ಚಿ ಗ್ಯಾರೇಜಿನಲ್ಲೇ ಬಾಳಿತು. ಬಾಡಿಗೆ ಆಕಾಶಕ್ಕೇರಿದ ಮೇಲೆ, 2016ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಊರುಗಳ ಕೈ ಕಟ್ಟುವ ಕಾನೂನು ಮಾಡಿತು. 2017ರಿಂದ ಹಿತ್ತಲಿನ ಮನೆಗೆ ಸುಮ್ಮನೆ ಇಲ್ಲ ಅನ್ನುವ ಹಾಗಿಲ್ಲ. ಬಸ್ಸು-ರೈಲಿನ ನಿಲ್ದಾಣದಿಂದ ಅರ್ಧ ಮೈಲಿಯೊಳಗಿದ್ದರೆ ಪಾರ್ಕಿಂಗ್ ಜಾಗ ತೋರಿಸು ಅಂತ ಕೇಳುವ ಹಾಗೂ ಇಲ್ಲ.

ಅರ್ಧ ಮೈಲಿ! ಅದನ್ನು ಓದಿದಾಗ ನನಗೆ ನಗು ಬಂತು. ಸುಲ್ತಾನ್ ಬಜಾರಿನ ನೆತ್ತಿಯ ಮೇಲೆಯೇ ಈಗ ಮೆಟ್ರೊ ಓಡುತ್ತದೆ. ವ್ಯಾಪಾರಿಗಳು ವರ್ಷಗಟ್ಟಲೆ ವಿರೋಧಿಸಿದರು, ಕೆಲವು ಕಟ್ಟಡ ಹೋದವು, 2020ರ ಫೆಬ್ರವರಿ 7ರಂದು ಜೆಬಿಎಸ್‌ನಿಂದ ಎಂಜಿಬಿಎಸ್‌ವರೆಗಿನ ಹಸಿರು ಮಾರ್ಗ ತೆರೆಯಿತು. ನಿಲ್ದಾಣದ ಹೆಸರೇ ಸುಲ್ತಾನ್ ಬಜಾರ್. ನಿಲ್ದಾಣ ಬಂದರೆ ಅದರ ಸುತ್ತ ಜನ ಇರಬೇಕು, ಅದಕ್ಕೆಂದೇ ಅಲ್ಲವೆ ಅಷ್ಟು ಕೋಟಿ ಸುರಿಯುವುದು? ವಾಹನ ಇಲ್ಲದ, ಬಾಡಿಗೆ ಹೆಚ್ಚು ಕೊಡಲಾಗದ, ಮೆಟ್ರೊ ನಿಜವಾಗಿ ಬೇಕಾಗಿರುವ ಹುಡುಗ-ಹುಡುಗಿಯರು ಇರಬಹುದಾದ ಖೋಲಿಗಳು ಆ ನಿಲ್ದಾಣದ ಕೆಳಗೇ ಇವೆ, ಕಾಗದದಲ್ಲಿ ಇಲ್ಲ.

ಒಂದು ಸಣ್ಣ ಬಾಗಿಲು ತೆರೆದಿದೆ, ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 2020ರ ತೆಲಂಗಾಣ ಕಾಯ್ದೆಯ ಪ್ರಕಾರ 75 ಚದರ ಗಜದವರೆಗಿನ ಜಾಗದಲ್ಲಿ, 7 ಮೀಟರ್ ಎತ್ತರ ಮೀರದ ಮನೆಗೆ ಮುಂಗಡ ಅನುಮತಿ ಬೇಕಿಲ್ಲ. 1 ರೂಪಾಯಿ ಕಟ್ಟಿ ನೋಂದಾಯಿಸಿದರೆ ಸಾಕು. ಬಡವರ ಮನೆಗೆ ಇಂಜಿನಿಯರ್, ದಲ್ಲಾಳಿ, ಲಂಚ ಯಾವುದೂ ಬೇಡ ಎಂದು ಸರ್ಕಾರವೇ ಒಪ್ಪಿದ್ದು ದೊಡ್ಡ ಮಾತು. ಅದನ್ನೇ ಇನ್ನೊಂದು ಹೆಜ್ಜೆ ಮುಂದೆ ಒಯ್ಯಬಹುದಿತ್ತು: ಹಳೆಯ ಪೇಟೆಗಳಲ್ಲಿ ಇರುವ ಮನೆಯ ಮೇಲೋ ಹಿತ್ತಲಲ್ಲೋ ಒಂದು ಖೋಲಿ, ಅದಕ್ಕೆ ಬೇರೆ ನಂಬರು, ಬೇರೆ ಮೀಟರು, ವಾಸಿಸುವವರ ಹೆಸರಲ್ಲಿ ಚೀಟಿ. ಬೆಂಕಿ ಬಿದ್ದರೆ ಇಳಿಯಲು ಮೆಟ್ಟಿಲು ಗಟ್ಟಿಯಿದೆಯೇ, ಗೋಡೆ ಭಾರ ತಡೆಯುತ್ತದೆಯೇ ಅಂತ ಇಂಜಿನಿಯರ್ ಬಂದು ನೋಡಲಿ, ನೋಡಲೇಬೇಕು. ನಮ್ಮ ಕಬ್ಬಿಣದ ಮೆಟ್ಟಿಲು ಮಳೆಗಾಲದಲ್ಲಿ ಅಲ್ಲಾಡುತ್ತಿತ್ತು, ಅದನ್ನು ನಾನು ಮರೆತಿಲ್ಲ. ಕದ್ದು ಕಟ್ಟಿದ್ದನ್ನು ಯಾರೂ ಪರೀಕ್ಷಿಸುವುದಿಲ್ಲ, ಅದೇ ಕಷ್ಟ.

ಖಾಲಾ ಅವರ ಮನೆ 75 ಗಜ ಮೀರಿದ್ದು, ಖೋಲಿ 7 ಮೀಟರಿನ ಮೇಲೆ. ಆ ಬಾಗಿಲು ಅವರಿಗೆ ಸಿಗಲಿಲ್ಲ. ಓಣಿಯ ಯಾರದೋ ದೂರಿನ ಮೇಲೆ ನೋಟಿಸ್ ಬರುತ್ತದಂತೆ ಎಂಬ ಸುದ್ದಿ ಹಬ್ಬಿ, ನೋಟಿಸ್ ಬರುವ ಮೊದಲೇ ಅವರು ಆಗಿದ್ದ ಹುಡುಗಿಯರನ್ನು ಕಳಿಸಿಬಿಟ್ಟರು. ನೋಟಿಸ್ ಬರಲೇ ಇಲ್ಲ. ಕೋವಿಡ್ ಎರಡನೇ ಅಲೆಯಲ್ಲಿ ಖಾಲಾ ತೀರಿಕೊಂಡರು.

ಹೋದ ವರ್ಷ ಮಹಿಳಾ ಕಾಲೇಜಿನಲ್ಲಿ ಒಂದು ಕೆಲಸವಿತ್ತು. 1949ರಿಂದ ಆ ಕಾಲೇಜು ಇರುವುದು ಹಳೆಯ ರೆಸಿಡೆನ್ಸಿಯಲ್ಲೇ. ರಂಗ್‌ಮಹಲಿನ ಜಾಗ ಎಲ್ಲಿ ಅಂತ ಕಾವಲುಗಾರನನ್ನು ಕೇಳಿ ನೋಡಿಕೊಂಡು, ಹಾಗೇ ನಡೆದು ಓಣಿಗೆ ಹೋದೆ. ಖಾಲಾ ಅವರ ಅಣ್ಣನ ಸೊಸೆ ಚಹಾ ಕೊಟ್ಟಳು. ಮಾಳಿಗೆ ಹತ್ತಿ ನೋಡಿದೆ. ಎರಡೂ ಖೋಲಿಯ ನಡುವಿನ ಗೋಡೆ ತೆಗೆದು ಸೀರೆ ಅಂಗಡಿಯವರ ಗೋಡೌನ್ ಮಾಡಿದ್ದಾರೆ, ಸೂರಿನವರೆಗೂ ರಟ್ಟಿನ ಪೆಟ್ಟಿಗೆ. ಬಾಡಿಗೆ ನಾನು ಕೊಡುತ್ತಿದ್ದುದರ ಎಂಟು ಪಟ್ಟು. ಅಡುಗೆಕಟ್ಟೆ ಇದ್ದ ಗೋಡೆಯಲ್ಲಿ ಹೊಸದೊಂದು ಕರೆಂಟ್ ಮೀಟರ್ ಕಂಡಿತು. 'ಇದು ಯಾವಾಗ ಬಂತು?' ಅಂದೆ. 'ಗೋಡೌನಿಗೆ ಬೇಕಲ್ಲ ಆಪಾ,' ಅಂದಳು, 'ಅಂಗಡಿಯವರೇ ಹಾಕಿಸಿಕೊಂಡರು, ಒಂದೇ ವಾರದಲ್ಲಿ.'